ಮನೆಯಲ್ಲೇ ಸೂಪರ್‌ಚಾರ್ಜರ್ ಕೂರಿಸುವವರಿಗೆ: ಮಾಡಬೇಕಾದ್ದು, ಮಾಡಬಾರದ್ದು

ಫೋರ್ಡ್ ಮಸ್ಟಾಂಗ್ ಜಿಟಿ ಇಟ್ಟುಕೊಂಡು, ರಜೆ ದಿನಗಳಲ್ಲಿ ಸ್ವಂತ ಗ್ಯಾರೇಜಿನಲ್ಲೇ ಅದಕ್ಕೆ ಸೂಪರ್‌ಚಾರ್ಜರ್ ಕೂರಿಸಲು ಹೊರಟವರಿಗೆ ಈ ಸೂಚನೆ. ಕ್ಯಾಲಿಫೋರ್ನಿಯಾದಲ್ಲಿರುವ ಕನ್ನಡಿಗರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಕೈಯಾರೆ ಮಾಡಿದ ಕೆಲಸದ ಖುಷಿಯೇ ಬೇರೆ, ಮಾಡಬೇಡಿ ಎಂದು ನಾನು ಹೇಳುವುದಿಲ್ಲ. ಆದರೆ ಬೆಲ್ಟು ಹಾಕಿದ ಸಂಜೆಯೇ ಸ್ಟಾರ್ಟ್ ಮಾಡಿ ಒಂದು ಸುತ್ತು ಹೊಡೆದು ಬರೋಣ ಎನ್ನುವ ಅವಸರ ಇದೆಯಲ್ಲ, ಎಂಜಿನ್ ಕೆಡುವುದು ಅಲ್ಲೇ.

ಕಿಟ್ ಕೊಳ್ಳುವ ಮೊದಲು

ಎಂಜಿನ್ನಿನ ಆರೋಗ್ಯ ನೋಡಿ. ಕಂಪ್ರೆಷನ್ ಟೆಸ್ಟ್ ಮತ್ತು ಲೀಕ್‌ಡೌನ್ ಟೆಸ್ಟ್ ಎರಡೂ ಆಗಲೇಬೇಕು. ಎಂಟು ಸಿಲಿಂಡರುಗಳಲ್ಲಿ ಒಂದು ಉಳಿದವಕ್ಕಿಂತ ಹಿಂದೆ ಬಿದ್ದಿದ್ದರೆ ಕಿಟ್ಟಿನ ದುಡ್ಡನ್ನು ಎಂಜಿನ್ ರಿಪೇರಿಗೆ ಹಾಕಿ. ಗಾಳಿಯ ಸಹಜ ಒತ್ತಡ 14.7 ಪಿಎಸ್‌ಐ. ಸೂಪರ್‌ಚಾರ್ಜರ್ ಅದರ ಮೇಲೆ ಇನ್ನು 8 ಪಿಎಸ್‌ಐ ಸೇರಿಸಿದರೂ ಅರ್ಧಕ್ಕಿಂತ ಹೆಚ್ಚು ಒತ್ತಡ ಏರಿದ ಹಾಗೆ. ದಣಿದ ಎಂಜಿನ್ ಅದನ್ನು ತಡೆಯದು.

ನಿಮ್ಮ ಕಾರಿನ ವರ್ಷಕ್ಕೆ ಹೊಂದುವ ಕಿಟ್ಟನ್ನೇ ಕೊಳ್ಳಿ. 2015ರಿಂದ 2017ರವರೆಗಿನ 5 ಲೀಟರ್ ಎಂಜಿನ್ನಿನ ಕಂಪ್ರೆಷನ್ 11:1. 2018ರಿಂದ ಅದು 12:1 ಆಯಿತು, ಪೋರ್ಟ್ ಇಂಜೆಕ್ಷನ್ ಜೊತೆಗೆ ಡೈರೆಕ್ಟ್ ಇಂಜೆಕ್ಷನ್ನೂ ಬಂತು. ಹೊರಗಿನಿಂದ ಒಂದೇ ಥರ ಕಂಡರೂ ಇವೆರಡರ ಪೆಟ್ರೋಲ್ ಲೆಕ್ಕ ಬೇರೆ, ಟ್ಯೂನ್ (ಎಂಜಿನ್ ನಡೆಸುವ ಸಾಫ್ಟ್‌ವೇರಿನ ಹೊಂದಿಕೆ) ಬೇರೆ. ಯಾರೋ ಬಿಚ್ಚಿಟ್ಟ ಅರ್ಧ ಕಿಟ್ ಅಗ್ಗಕ್ಕೆ ಸಿಕ್ಕಿತೆಂದು ತರಬೇಡಿ. ಅದರಲ್ಲಿ ಇಲ್ಲದಿರುವುದು ಇಂಜೆಕ್ಟರೋ ಒಂದು ಬ್ರ್ಯಾಕೆಟ್ಟೋ ಎನ್ನುವುದು ಕಾರು ಪೂರ್ತಿ ಬಿಚ್ಚಿದ ಮೇಲೆ ತಿಳಿಯುತ್ತದೆ.

ಕ್ಯಾಲಿಫೋರ್ನಿಯಾದಲ್ಲಿ ರಸ್ತೆಗಿಳಿಯುವ ಕಾರಾದರೆ ಕಿಟ್ಟಿಗೆ ಅಲ್ಲಿನ ವಾಯು ಸಂಪನ್ಮೂಲ ಮಂಡಳಿಯ (ಕಾರ್ಬ್) ಅನುಮತಿಯ ಗುರುತಾದ ಇಒ (ಎಕ್ಸಿಕ್ಯುಟಿವ್ ಆರ್ಡರ್) ನಂಬರ್ ಇರಲೇಬೇಕು. ಆ ನಂಬರಿನ ಪಟ್ಟಿಯಲ್ಲಿ ನಿಮ್ಮ ಮಾಡೆಲ್ ವರ್ಷ ಇದೆಯೇ ಎಂದು ಕಣ್ಣಾರೆ ನೋಡಿ, ಸ್ಟಿಕ್ಕರನ್ನು ಬಾನೆಟ್ ಕೆಳಗೆ ಅಂಟಿಸಿ. 2021ರ ಜುಲೈನಿಂದ ಅಲ್ಲಿನ ಸ್ಮಾಗ್ ಚೆಕ್‌ನಲ್ಲಿ ಎಂಜಿನ್ ಕಂಪ್ಯೂಟರಿನ (ಇಸಿಯು) ಸಾಫ್ಟ್‌ವೇರನ್ನೂ ನೋಡುತ್ತಾರೆ. ಅನುಮತಿಯಿಲ್ಲದ ಟ್ಯೂನ್ ಇದ್ದರೆ ಕಾರು ಫೇಲ್. ಕ್ಯಾಟಲಿಟಿಕ್ ಕನ್ವರ್ಟರ್ ತೆಗೆಯುವ ಯೋಚನೆಯನ್ನೇ ಮಾಡಬೇಡಿ. ಇನ್ಶೂರೆನ್ಸ್ ಕಂಪನಿಗೆ ಮೊದಲೇ ತಿಳಿಸಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ.

ಗ್ಯಾರೇಜಿನಲ್ಲಿ

ಕ್ಯಾಲಿಫೋರ್ನಿಯಾದ ಎಷ್ಟೋ ಮನೆಗಳಲ್ಲಿ ಗ್ಯಾಸ್ ವಾಟರ್ ಹೀಟರ್ ಇರುವುದು ಗ್ಯಾರೇಜಿನಲ್ಲೇ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲ ಹಿಡಿದು ಹರಿಯುತ್ತದೆ. ಹೀಟರಿನ ಉರಿ ನೆಲದಿಂದ ಕನಿಷ್ಠ 18 ಇಂಚು ಮೇಲಿರಬೇಕು ಎಂಬ ಕಟ್ಟಡ ನಿಯಮ ಬಂದದ್ದೇ ಈ ಕಾರಣಕ್ಕೆ. ನಿಯಮದಂತೆ ಇದೆಯಲ್ಲ ಎಂದು ನಿಶ್ಚಿಂತರಾಗಬೇಡಿ. ಪೆಟ್ರೋಲ್ ಲೈನ್ ಬಿಚ್ಚುವ ದಿನ ಹೀಟರಿನ ಗ್ಯಾಸ್ ಬಂದ್ ಮಾಡಿ, ಗ್ಯಾರೇಜ್ ಬಾಗಿಲು ಪೂರ್ತಿ ತೆರೆದಿಡಿ, ಪೆಟ್ರೋಲ್ ಬೆಂಕಿಗೆ ಆಗುವ ಎಕ್ಸ್‌ಟಿಂಗ್ವಿಷರ್ ಕೈಗೆಟುಕುವಲ್ಲಿ ಇರಲಿ. ಹಳೆಯ ಬಲ್ಬಿನ ಹ್ಯಾಂಡ್ ಲ್ಯಾಂಪ್ ಬೇಡ. ಕೆಳಗೆ ಬಿದ್ದು ಬಲ್ಬು ಒಡೆದರೆ ಕಿಡಿ ಹಾರುತ್ತದೆ.

ಮೊದಲು ಪೆಟ್ರೋಲ್ ಒತ್ತಡ ಇಳಿಸಿ, ಆಮೇಲೆ ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ, ಅದಾದ ಮೇಲೆ ಲೈನ್ ಬಿಚ್ಚಿ. 2018ರಿಂದ ಈಚಿನ ಎಂಜಿನ್ನಿನಲ್ಲಿ ಡೈರೆಕ್ಟ್ ಇಂಜೆಕ್ಷನ್ನಿನ ಲೋಹದ ಕೊಳವೆಗಳ ಒತ್ತಡ ಸಾವಿರಾರು ಪಿಎಸ್‌ಐ ಲೆಕ್ಕದಲ್ಲಿರುತ್ತದೆ. ಆ ಪೆಟ್ರೋಲ್ ಎಳೆ ಚರ್ಮ ಸೀಳಿಕೊಂಡು ಒಳಗೇ ನುಗ್ಗುತ್ತದೆ. ಕಿಟ್ಟಿನ ಪುಸ್ತಕ ಬಿಚ್ಚಲು ಹೇಳದಿದ್ದರೆ ಅವುಗಳ ತಂಟೆಗೆ ಹೋಗಬೇಡಿ.

ಬರೀ ಜಾಕ್ ಮೇಲೆ ನಿಂತ ಕಾರಿನ ಅಡಿಗೆ ತೂರಬೇಡಿ, ಸ್ಟ್ಯಾಂಡ್ ಕೊಡಿ. ಸೂಪರ್‌ಚಾರ್ಜರನ್ನು ಒಬ್ಬರೇ ಎತ್ತಿ ಇಳಿಸಬೇಡಿ, ಇಬ್ಬರು ಬೇಕು.

ಇನ್‌ಟೇಕ್ ತೆಗೆದ ಕ್ಷಣದಿಂದ

ಇಡೀ ಕೆಲಸದಲ್ಲಿ ನನಗೆ ಅತಿ ಭಯ ಹುಟ್ಟಿಸುವ ಹೊತ್ತು ಇದು. ಇನ್‌ಟೇಕ್ ಮ್ಯಾನಿಫೋಲ್ಡ್ ಎತ್ತಿದ ಕೂಡಲೇ ಸಿಲಿಂಡರ್ ಹೆಡ್ಡಿನಲ್ಲಿ ಎಂಟು ಪೋರ್ಟುಗಳು ಬಾಯಿ ತೆರೆದು ಕೂತಿರುತ್ತವೆ. ಒಂದು ವಾಷರ್, ಒಂದು ಕ್ಲಿಪ್ಪಿನ ಚೂರು, ಮೂಲೆಯಲ್ಲಿ ಕೂತಿದ್ದ ಒಂದು ಮರಳ ಕಾಳು ಒಳಗೆ ಬಿದ್ದರೂ ವಾಲ್ವು ತೆರೆದಾಗ ನೇರ ಪಿಸ್ಟನ್ ತಲೆಗೆ ಇಳಿಯುತ್ತದೆ. ಅದಕ್ಕೇ ಮ್ಯಾನಿಫೋಲ್ಡ್ ಎತ್ತುವ ಮೊದಲೇ ಸುತ್ತಲಿನ ದೂಳನ್ನು ವ್ಯಾಕ್ಯೂಮ್ ಹಿಡಿದು ತೆಗೆಯಿರಿ. ಎತ್ತಿದ ಮರುಕ್ಷಣ ಪೋರ್ಟುಗಳಿಗೆ ನೂಲು ಬಿಡದ ಬಟ್ಟೆ ತುರುಕಿ, ಮೇಲೆ ಟೇಪ್ ಅಂಟಿಸಿ. ಎಂಟು ಬಟ್ಟೆ, ಎಲ್ಲವೂ ಎದ್ದು ಕಾಣುವ ಬಣ್ಣದವು. ಬಟ್ಟೆಗಳ ಮೇಲೆ ಒಂದರಿಂದ ಎಂಟರವರೆಗೆ ಅಂಕಿ ಬರೆಯಿರಿ. ಸೂಪರ್‌ಚಾರ್ಜರ್ ಇಳಿಸುವ ಮುನ್ನ ಎಂಟನ್ನೂ ಮೇಜಿನ ಮೇಲೆ ಸಾಲಾಗಿ ಹರಡಿ ಎಣಿಸಿ.

ಏನಾದರೂ ಜಾರಿ ಬಿತ್ತು ಎಂಬ ಅನುಮಾನ ಬಂದರೆ ಮುಂದುವರಿಯಬೇಡಿ. ಬೋರ್‌ಸ್ಕೋಪ್ ಇಳಿಸಿ ನೋಡಿ. ಅಲ್ಯೂಮಿನಿಯಂ ಚೂರನ್ನು ಅಯಸ್ಕಾಂತ ಎತ್ತುವುದಿಲ್ಲ. ಅದೇನೆಂದು ತಿಳಿಯುವವರೆಗೆ ಎಂಜಿನ್ ತಿರುಗಿಸಬೇಡಿ.

ಟಾರ್ಕ್ ರೆಂಚಿನ ಮೇಲಿನ ಅಳತೆ ಎರಡು ಸಲ ಓದಿ. ಈ ಜಾಗದ ಬೋಲ್ಟುಗಳಿಗೆ ಬರೀ 10 ನ್ಯೂಟನ್ ಮೀಟರ್ ಎಂದು ಪುಸ್ತಕ ಹೇಳಿದರೆ, ಅದು 89 ಪೌಂಡ್-ಇಂಚಿಗೆ ಸಮ. ಇಂಚನ್ನು ಅಡಿ ಎಂದು ಓದಿದಿರೋ, ಹನ್ನೆರಡು ಪಟ್ಟು ಬಿಗಿದಿರಿ. ಬೋಲ್ಟು ತುಂಡಾಗುತ್ತದೆ, ಇಲ್ಲವೇ ಹೆಡ್ಡಿನ ಥ್ರೆಡ್ ಕಿತ್ತು ಬರುತ್ತದೆ. ನಡುವಿನಿಂದ ಹೊರಕ್ಕೆ, ಹಂತಹಂತವಾಗಿ ಬಿಗಿಯಿರಿ. ಡಿಗ್ರಿ ಲೆಕ್ಕದಲ್ಲಿ ಎಳೆದು ಬಿಗಿಯುವ ಬೋಲ್ಟನ್ನು ಎರಡನೇ ಸಲ ಬಳಸಬೇಡಿ.

ಇಂಟರ್‌ಕೂಲರನ್ನು ಕೂರಿಸುವ ಮೊದಲು ಗಾಳಿ ತುಂಬಿ ಪರೀಕ್ಷಿಸಿ. ಅದು ಒಳಗೆ ಸೋರಿದರೆ ನೀರು ಸೀದಾ ಸಿಲಿಂಡರಿಗೆ. ಸ್ಪಾರ್ಕ್ ಪ್ಲಗ್ ಒಂದು ಹಂತ ತಣ್ಣನೆಯದು ಇರಲಿ, ಅಂತರವನ್ನು ಪುಸ್ತಕ ಹೇಳಿದಷ್ಟಕ್ಕೆ ಇಳಿಸಿ. ಒತ್ತಿ ತುಂಬಿದ ಗಾಳಿಯಲ್ಲಿ ಅಗಲ ಅಂತರ ದಾಟಲಾಗದೆ ಕಿಡಿ ತಪ್ಪುತ್ತದೆ. ಎಂಜಿನ್ ತಣ್ಣಗಾದ ಮೇಲೆ ಪ್ಲಗ್ಗನ್ನು ಕೈಯಲ್ಲೇ ತಿರುಗಿಸಿ ಹಚ್ಚಿ, ಕೊನೆಗೆ ರೆಂಚ್ ಹಿಡಿಯಿರಿ.

ಟ್ಯೂನ್ ಇಲ್ಲದೆ ಸ್ಟಾರ್ಟ್ ಇಲ್ಲ

ಒಂದು ನಿಮಿಷದ ಐಡ್ಲಿಂಗಿಗೂ ಬೇಡ. ದೊಡ್ಡ ಇಂಜೆಕ್ಟರ್ ಹಾಕಿರುವುದು ಹಳೆಯ ಸಾಫ್ಟ್‌ವೇರಿಗೆ ಗೊತ್ತಿಲ್ಲ. ಅದು ಸಣ್ಣ ಇಂಜೆಕ್ಟರಿನ ಲೆಕ್ಕದಲ್ಲೇ ಪೆಟ್ರೋಲ್ ಸುರಿಯುತ್ತದೆ, ಹೆಚ್ಚಿನ ಪೆಟ್ರೋಲ್ ಸಿಲಿಂಡರ್ ಗೋಡೆಯ ಆಯಿಲನ್ನು ತೊಳೆದುಬಿಡುತ್ತದೆ. ಮೂಲ ಟ್ಯೂನ್ ಫೈಲನ್ನು ಜೋಪಾನವಾಗಿ ಎತ್ತಿಡಿ. ಟ್ಯೂನ್ ಹಾಕುವಾಗ ಬ್ಯಾಟರಿಗೆ ಚಾರ್ಜರ್ ಕೊಟ್ಟಿರಿ, ನಡುವೆ ಕೇಬಲ್ ಮುಟ್ಟಬೇಡಿ. ಸ್ನೇಹಿತನ ಕಾರಿನ ಟ್ಯೂನನ್ನು ನಿಮ್ಮದಕ್ಕೆ ಹಾಕಬೇಡಿ.

ಟ್ಯೂನ್ ಯಾವ ಆಕ್ಟೇನಿಗೆ ಬರೆದದ್ದೋ ಅದೇ ಪೆಟ್ರೋಲ್ ತುಂಬಿಸಿ. ಕ್ಯಾಲಿಫೋರ್ನಿಯಾದಲ್ಲಿ ಪ್ರೀಮಿಯಂ ಎಂದರೆ 91, ಬೇರೆ ಹಲವು ರಾಜ್ಯಗಳಲ್ಲಿ 93. 93ಕ್ಕೆ ಬರೆದ ಟ್ಯೂನಿಗೆ 91 ಹಾಕಿದರೆ ಎಂಜಿನ್ ನಾಕ್ ಹೊಡೆಯುತ್ತದೆ. ಬೆಂಗಳೂರಿನ ಬಂಕಿನ ಅಂಕಿಗೆ ಇದನ್ನು ಹೋಲಿಸಬೇಡಿ. ನಮ್ಮಲ್ಲಿ ಅಳೆಯುವ ಕ್ರಮವೇ ಬೇರೆ, ಅಮೆರಿಕದ 91 ಇಲ್ಲಿಯ ಸುಮಾರು 95ಕ್ಕೆ ಸಮ.

ಸ್ಟಾರ್ಟ್ ಮಾಡುವ ಮೊದಲು ಇಗ್ನಿಷನ್ ಎರಡು ಮೂರು ಸಲ ಆನ್ ಮಾಡಿ ಪೆಟ್ರೋಲ್ ಒತ್ತಡ ಬರಿಸಿ, ಟಾರ್ಚ್ ಹಿಡಿದು ಒಂದೊಂದೇ ಜಾಯಿಂಟ್ ನೋಡಿ. ಕಾರನ್ನು ಗ್ಯಾರೇಜಿನಿಂದ ಹೊರಗೆ ತಳ್ಳಿ ಅಲ್ಲೇ ಸ್ಟಾರ್ಟ್ ಮಾಡಿ. ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ. ಇಂಟರ್‌ಕೂಲರ್ ಪಂಪ್ ತಿರುಗುತ್ತಿದೆಯೇ, ಟ್ಯಾಂಕಿನಲ್ಲಿ ನೀರು ಹರಿಯುವುದು ಕಾಣುತ್ತಿದೆಯೇ, ಬೆಲ್ಟು ಪುಲ್ಲಿಗಳ ಮೇಲೆ ನೇರ ಓಡುತ್ತಿದೆಯೇ ನೋಡಿ. ಬ್ರೇಕ್ ಪೆಡಲ್ ತುಳಿದು ನೋಡಿ. ಬ್ರೇಕ್ ಬೂಸ್ಟರಿನ ವ್ಯಾಕ್ಯೂಮ್ ಪೈಪನ್ನೂ ನೀವು ಕಳಚಿ ಹಾಕಿರುತ್ತೀರಿ.

ಮೊದಲ ಓಟದಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಬೇಡಿ. ಹದವಾಗಿ ಓಡಿಸಿ, ಡೇಟಾ ಲಾಗ್ ಟ್ಯೂನರಿಗೆ ಕಳಿಸಿ, ಅವರು ಸರಿ ಎಂದ ಮೇಲೆ ಮುಂದೆ ಹೋಗಿ. ಪೂರ್ತಿ ಒತ್ತಿ ನೋಡುವ ಕೆಲಸ ಡೈನೋ ಮೇಲೆ ಅಥವಾ ಟ್ರ್ಯಾಕಿನಲ್ಲಿ, ಸಾರ್ವಜನಿಕ ರಸ್ತೆಯಲ್ಲಿ ಖಂಡಿತ ಅಲ್ಲ. ಪೂರ್ತಿ ಒತ್ತಿದಾಗ ಗಾಳಿ-ಪೆಟ್ರೋಲ್ ಪ್ರಮಾಣ ಟ್ಯೂನರ್ ಹೇಳಿದಷ್ಟೇ, ಸಾಮಾನ್ಯವಾಗಿ 12ರ ಆಸುಪಾಸು ಇರಬೇಕು. ಮೀಟರಿನ ಅಂಕಿ 13ರತ್ತ ಏರಿದರೆ ತಕ್ಷಣ ಕಾಲು ತೆಗೆಯಿರಿ.

ಊರಿನಲ್ಲಿ ಮಾಡುವೆನೆಂದರೆ

ಕರ್ನಾಟಕದಲ್ಲಿ ನೋಂದಣಿಯಾದ ಕಾರಿಗೆ ಇದನ್ನು ಕೂರಿಸಿ ರಸ್ತೆಗಿಳಿಸಬೇಡಿ. ಆರ್‌ಸಿಯಲ್ಲಿರುವ ವಿವರಗಳು ತಯಾರಕರು ಕೊಟ್ಟ ಮೂಲ ವಿವರಗಳಿಂದ ಬೇರೆಯಾಗುವಂಥ ಬದಲಾವಣೆಯನ್ನು ಮೋಟಾರು ವಾಹನ ಕಾಯಿದೆಯ 52ನೇ ಸೆಕ್ಷನ್ ನಿಷೇಧಿಸುತ್ತದೆ. 2019ರ ತಿದ್ದುಪಡಿಯ ನಂತರ ಇಂಥ ಒಂದೊಂದು ಬದಲಾವಣೆಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಆಗಬಹುದು.

ಬಿಚ್ಚಿದ ಮೂಲ ಭಾಗಗಳನ್ನು ಎಸೆಯಬೇಡಿ. ಪೊಟ್ಟಣ ಕಟ್ಟಿ, ಹೆಸರು ಬರೆದು ಇಡಿ. ಮುಂದೆ ಕಾರು ಮಾರುವಾಗ ಕೊಳ್ಳುವವರಿಗೆ ಇರುವುದನ್ನೆಲ್ಲ ಬಿಡಿಸಿ ಹೇಳಿ, ಟ್ಯೂನ್ ಫೈಲು, ಲಾಗ್‌ಗಳು, ಇಒ ಕಾಗದ, ಮೂಲ ಭಾಗಗಳ ಪೆಟ್ಟಿಗೆ ಎಲ್ಲವನ್ನೂ ಕೀಲಿಯ ಜೊತೆಗೇ ಒಪ್ಪಿಸಿ.