ಶಾಪ, ಉಂಗುರ ಮತ್ತು ಕಥೆಯ ಹೆಣಿಗೆ

ಕಥೆ ಬರೆಯಲು ಹೊರಟವರಿಗೆ ಘಟನೆಗಳ ಕೊರತೆ ಅಷ್ಟಾಗಿ ಬಾಧಿಸುವುದಿಲ್ಲ. ಮದುವೆ, ಅಗಲಿಕೆ, ಸಾವು, ಮರುಭೇಟಿ ಇವು ಎಲ್ಲರೂ ಕಂಡು ಕೇಳಿದ ಸಂಗತಿಗಳೇ. ಒಂದು ಘಟನೆಯ ಹೊಟ್ಟೆಯಿಂದ ಮತ್ತೊಂದು ಘಟನೆ ತಾನಾಗಿಯೇ ಹುಟ್ಟಿ ಬರುವಂತೆ ಹೆಣೆಯುವುದೇ ಕಷ್ಟ. ಈ ಹೆಣಿಗೆಯ ವಿಚಾರವಾಗಿ ಭಾರತದ ಪ್ರಾಚೀನ ಶಾಸ್ತ್ರಕಾರರು ಆಳವಾಗಿ ಚಿಂತಿಸಿದ್ದರು.

ಭರತಮುನಿಯ ‘ನಾಟ್ಯಶಾಸ್ತ್ರ’ದ ಪ್ರಕಾರ ನಾಯಕನ ಕಾರ್ಯಕ್ಕೆ ಐದು ಅವಸ್ಥೆಗಳುಂಟು: ಪ್ರಾರಂಭ, ಪ್ರಯತ್ನ, ಪ್ರಾಪ್ತ್ಯಾಶೆ, ನಿಯತಾಪ್ತಿ, ಫಲಾಗಮ. ಇವುಗಳಿಗೆ ಹೊಂದಿಕೊಂಡಂತೆ ಕಥಾವಸ್ತುವಿನಲ್ಲಿ ಮುಖ, ಪ್ರತಿಮುಖ, ಗರ್ಭ, ವಿಮರ್ಶ, ನಿರ್ವಹಣ ಎಂಬ ಐದು ಸಂಧಿಗಳು. ಮೊದಲಲ್ಲಿ ಬಿತ್ತಿದ ಬೀಜ ಮೊಳೆತು, ನಡುವೆ ಕಾಣದಾಗಿ, ಅಡ್ಡಿಗೆ ಸಿಲುಕಿ, ಕೊನೆಯಲ್ಲಿ ಫಲ ಕೊಡಬೇಕು. ಹೆಸರುಗಳನ್ನು ಬಾಯಿಪಾಠ ಮಾಡಿದ ಮಾತ್ರಕ್ಕೆ ಯಾರೂ ನಾಟಕಕಾರರಾಗಲಾರರು. ಸೂತ್ರವು ಕೆಲಸ ಮಾಡುವ ಬಗೆಯನ್ನು ಕೃತಿಯಲ್ಲಿಯೇ ಕಾಣಬೇಕು. ಅದಕ್ಕೆ ಕಾಳಿದಾಸನ ‘ಅಭಿಜ್ಞಾನ ಶಾಕುಂತಲ’ಕ್ಕಿಂತ ಒಳ್ಳೆಯ ನಿದರ್ಶನ ದೊರೆಯುವುದು ಅಪರೂಪ. ಮೈಸೂರಿನ ಬಸಪ್ಪಶಾಸ್ತ್ರಿಗಳು (1843–1891) ಈ ನಾಟಕವನ್ನು ಕನ್ನಡಕ್ಕೆ ತಂದು ಕನ್ನಡಿಗರಿಗೆ ಮಹೋಪಕಾರ ಮಾಡಿದರು.

ಕಾಳಿದಾಸನಿಗೆ ಕಥೆ ದೊರೆತದ್ದು ಮಹಾಭಾರತದ ಆದಿಪರ್ವದಲ್ಲಿ. ಅಲ್ಲಿಯ ಶಕುಂತಲೆ ದಿಟ್ಟೆ. ತನ್ನ ಮಗನಿಗೇ ಪಟ್ಟವಾಗಬೇಕೆಂಬ ಮಾತನ್ನು ಪಡೆದ ಮೇಲೆಯೇ ಅವಳು ದುಷ್ಯಂತನ ಕೈಹಿಡಿಯುತ್ತಾಳೆ. ವರ್ಷಗಳು ಉರುಳಿದ ಮೇಲೆ ಮಗನನ್ನು ಕರೆದುಕೊಂಡು ಆಸ್ಥಾನಕ್ಕೆ ಬರುತ್ತಾಳೆ. ದೊರೆಗೆ ಎಲ್ಲವೂ ನೆನಪಿದೆ. ಆದರೂ ಲೋಕಾಪವಾದಕ್ಕೆ ಅಂಜಿ ‘ನಿನ್ನನ್ನು ಅರಿಯೆ’ ಎನ್ನುತ್ತಾನೆ. ಆಕೆ ವಾದಿಸುತ್ತಾಳೆ, ಅಶರೀರವಾಣಿ ನುಡಿಯುತ್ತದೆ, ದೊರೆ ಒಪ್ಪಿಕೊಳ್ಳುತ್ತಾನೆ. ಕಥೆ ಮುಗಿಯಿತು.

ಇದರಲ್ಲಿ ಘಟನೆಗಳಿವೆ, ತೀಕ್ಷ್ಣವಾದ ಮಾತುಗಾರಿಕೆಯೂ ಇದೆ. ಆದರೆ ಅರಿತೂ ಸುಳ್ಳಾಡಿದವನ ವಿಷಯದಲ್ಲಿ ಪ್ರೇಕ್ಷಕನಿಗೆ ಪ್ರೀತಿ ಹುಟ್ಟುವುದೆಂತು? ರಸಕ್ಕೆ ಒಗ್ಗದ ಭಾಗ ಹಳೆಯ ಕಥೆಯಲ್ಲಿದ್ದರೆ ಅದನ್ನು ಬಿಟ್ಟು ಕವಿಯು ಹೊಸದನ್ನು ಕಲ್ಪಿಸಬೇಕೆಂದು ಆನಂದವರ್ಧನನು ‘ಧ್ವನ್ಯಾಲೋಕ’ದಲ್ಲಿ ಹೇಳುತ್ತಾನೆ. ಆ ಮಾತು ಶಾಸ್ತ್ರವಾಗುವುದಕ್ಕೆ ಎಷ್ಟೋ ಮೊದಲೇ ಕಾಳಿದಾಸನು ಅದನ್ನು ಮಾಡಿ ತೋರಿಸಿದ್ದ. ಮಹಾಭಾರತದ ಈ ಕಥೆಯಲ್ಲಿಲ್ಲದ ಎರಡು ವಸ್ತುಗಳು ಅವನ ನಾಟಕಕ್ಕೆ ಬಂದವು: ದೂರ್ವಾಸರ ಶಾಪ ಮತ್ತು ದುಷ್ಯಂತನ ಹೆಸರು ಕೆತ್ತಿದ ಉಂಗುರ.

ಶಾಪವೆಂದರೆ ಕವಿಯು ತಪ್ಪಿಸಿಕೊಳ್ಳಲು ಕಂಡುಕೊಂಡ ಕಿಂಡಿಯೆಂದು ಆಕ್ಷೇಪಿಸುವವರಿದ್ದಾರೆ. ದೊರೆಯ ಕಳಂಕವನ್ನು ತೊಳೆಯುವ ಉದ್ದೇಶವೂ ಅದರಲ್ಲಿರುವುದು ನಿಜ. ಆದರೆ ಶಾಪದ ಸುದ್ದಿ ಯಾರಿಗೆ ತಿಳಿದಿದೆ, ಯಾರಿಗೆ ತಿಳಿದಿಲ್ಲ ಎಂಬುದನ್ನು ಗಮನಿಸಿದರೆ ಹೆಣಿಗೆಯ ಸೂಕ್ಷ್ಮ ಕಾಣುತ್ತದೆ. ದೂರ್ವಾಸರು ರಂಗದ ಮೇಲೆ ಬರುವುದೇ ಇಲ್ಲ. ಅವರ ದನಿ ಮಾತ್ರ ನೇಪಥ್ಯದಿಂದ ಕೇಳಿಸುತ್ತದೆ. ಪತಿಯ ಧ್ಯಾನದಲ್ಲಿ ಮೈಮರೆತ ಶಕುಂತಲೆಗೆ ಅದೂ ಕೇಳಿಸದು. ಹೂ ಕೊಯ್ಯುತ್ತಿದ್ದ ಅನಸೂಯೆ, ಪ್ರಿಯಂವದೆಯರು ಕೇಳಿಸಿಕೊಳ್ಳುತ್ತಾರೆ. ಪ್ರಿಯಂವದೆ ಓಡಿಹೋಗಿ ಋಷಿಯ ಕಾಲಿಗೆ ಬೀಳುತ್ತಾಳೆ. ಗುರುತಿನ ಒಡವೆಯನ್ನು ಕಂಡಾಗ ಶಾಪ ನೀಗುವುದೆಂಬ ಅಭಯ ದೊರೆಯುತ್ತದೆ. ಆಗ ಗೆಳತಿಯರಿಬ್ಬರೂ ಒಂದು ನಿರ್ಧಾರಕ್ಕೆ ಬರುತ್ತಾರೆ: ಶಕುಂತಲೆ ಮೃದು ಸ್ವಭಾವದವಳು, ಈ ಸುದ್ದಿಯನ್ನು ಅವಳು ತಾಳಲಾರಳು, ಅವಳಿಗೆ ಹೇಳುವುದು ಬೇಡ.

ನಾಟಕದ ದುರಂತ ಹುಟ್ಟುವುದು ಇಲ್ಲಿಯೇ. ಋಷಿಯ ಕೋಪದಷ್ಟೇ ಗೆಳತಿಯರ ಪ್ರೀತಿಯೂ ಅದಕ್ಕೆ ಕಾರಣ. ಬೀಳ್ಕೊಡುವಾಗ ಅವರು, ದೊರೆ ಗುರುತಿಸಲು ತಡಮಾಡಿದರೆ ಉಂಗುರವನ್ನು ತೋರಿಸೆಂದಷ್ಟೇ ಹೇಳುತ್ತಾರೆ. ಶಕುಂತಲೆ ಬೆಚ್ಚುತ್ತಾಳೆ. ಅತಿಯಾದ ಪ್ರೀತಿ ಕೇಡನ್ನೇ ಶಂಕಿಸುವುದೆಂದು ಸಮಾಧಾನಪಡಿಸುತ್ತಾರೆ. ಉಂಗುರದ ನಿಜವಾದ ಬೆಲೆ ತಿಳಿದಿದ್ದರೆ ಅವಳು ದಾರಿಯುದ್ದಕ್ಕೂ ಅದನ್ನು ಕಾಪಾಡಿಕೊಳ್ಳುತ್ತಿರಲಿಲ್ಲವೇ? ಶಚೀತೀರ್ಥದಲ್ಲಿ ಕೈಮುಗಿಯುವಾಗ ಅದು ನೀರಿಗೆ ಜಾರಿದ್ದೂ ಅವಳ ಅರಿವಿಗೆ ಬರಲಿಲ್ಲ.

ಐದನೆಯ ಅಂಕದಲ್ಲಿ ದುಷ್ಯಂತನೂ ಶಕುಂತಲೆಯೂ ಎದುರುಬದುರಾಗಿ ನಿಲ್ಲುತ್ತಾರೆ. ಇಬ್ಬರೂ ತಮಗೆ ತಿಳಿದಷ್ಟರ ಮಟ್ಟಿಗೆ ಸತ್ಯವನ್ನೇ ನುಡಿಯುತ್ತಾರೆ. ಒಬ್ಬರಿಗೊಬ್ಬರು ಸುಳ್ಳರಂತೆ ಕಾಣುತ್ತಾರೆ. ಬೆರಳು ಬರಿದಾಗಿರುವುದನ್ನು ಕಂಡ ಶಕುಂತಲೆ, ದೊರೆಯ ಕೈಯಿಂದ ನೀರು ಕುಡಿಯಲೊಲ್ಲದ ಜಿಂಕೆಮರಿಯ ಪ್ರಸಂಗವನ್ನು ನೆನಪಿಸುತ್ತಾಳೆ. ಅದು ಅವರಿಬ್ಬರಿಗೇ ಗೊತ್ತಿದ್ದ ನೆನಪು. ಅದನ್ನೂ ಅವನು ಹೆಣ್ಣಿನ ಜಾಣತನವೆಂದು ಹೀಯಾಳಿಸುತ್ತಾನೆ. ಖಳನಾಯಕನೇ ಇಲ್ಲದ ಈ ನಾಟಕದಲ್ಲಿ ಇಷ್ಟೊಂದು ನೋವು ತುಂಬಿರುವುದು ಆಶ್ಚರ್ಯ.

ಆಸ್ಥಾನದಲ್ಲಿ ವಿದೂಷಕನಿದ್ದನಲ್ಲವೇ, ಅವನಾದರೂ ನೆನಪಿಸಬಹುದಿತ್ತಲ್ಲವೇ ಎಂದು ಚುರುಕು ಬುದ್ಧಿಯ ವಿದ್ಯಾರ್ಥಿ ಕೇಳಬಹುದು. ಕವಿ ಅದಕ್ಕೂ ಎರಡನೆಯ ಅಂಕದಲ್ಲಿಯೇ ಸಿದ್ಧತೆ ಮಾಡಿದ್ದಾನೆ. ವಿದೂಷಕನು ಬಾಯಿಬಡುಕ, ಈ ಒಲವಿನ ಸುದ್ದಿಯನ್ನು ಅಂತಃಪುರಕ್ಕೆ ಮುಟ್ಟಿಸಿಯಾನೆಂಬ ಅಂಜಿಕೆ ದೊರೆಗಿತ್ತು. ಅವನನ್ನು ರಾಜಧಾನಿಗೆ ಕಳುಹಿಸುವಾಗ, ತಾನು ಆಡಿದ್ದೆಲ್ಲ ತಮಾಷೆಯೆಂದು ಹೇಳಿಬಿಟ್ಟಿದ್ದ. ಬೆಸ್ತನಿಗೆ ಮೀನಿನ ಹೊಟ್ಟೆಯಲ್ಲಿ ಉಂಗುರ ದೊರೆತು, ದೊರೆಗೆ ನೆನಪು ಮರಳಿದ ಮೇಲೆ, ನೀನಾದರೂ ಏಕೆ ಹೇಳಲಿಲ್ಲವೆಂದು ಅವನು ಮಿತ್ರನನ್ನು ಕೇಳುತ್ತಾನೆ. ತಮಾಷೆಯೆಂದು ತಾವೇ ಹೇಳಿದಿರಿ, ಮಂಕುಬುದ್ಧಿಯ ತಾನು ಅದನ್ನು ನಂಬಿದೆನೆಂದು ವಿದೂಷಕ ಉತ್ತರಿಸುತ್ತಾನೆ. ಬಹುಪತ್ನೀಕನಾದ ದೊರೆಯ ಒಂದು ಸಣ್ಣ ಅಂಜಿಕೆ, ಒಬ್ಬನೇ ಸಾಕ್ಷಿಯನ್ನೂ ಇಲ್ಲವಾಗಿಸಿತು. ದೊರೆಯನ್ನು ಶಾಪವು ಪೂರ್ತಿಯಾಗಿ ಬಿಡುಗಡೆ ಮಾಡುವುದಿಲ್ಲ ಎಂಬುದಕ್ಕೆ ಇದೇ ಗುರುತು.

ಮೊದಲ ಅಂಕದಲ್ಲಿ ಜಿಂಕೆಯನ್ನು ಕೊಲ್ಲದೆ ಬಿಟ್ಟ ದುಷ್ಯಂತನಿಗೆ, ಚಕ್ರವರ್ತಿಯಾಗುವ ಮಗನನ್ನು ಪಡೆಯೆಂದು ತಪಸ್ವಿಯೊಬ್ಬ ಹರಸಿದ್ದ. ಆ ಬೀಜ ಏಳನೆಯ ಅಂಕದಲ್ಲಿ, ಮಾರೀಚಾಶ್ರಮದಲ್ಲಿ, ಸಿಂಹದ ಮರಿಯ ಹಲ್ಲೆಣಿಸುವ ಹುಡುಗನ ರೂಪದಲ್ಲಿ ಫಲಿಸುತ್ತದೆ. ಅಲ್ಲಿ ದೊರೆ ಉಂಗುರವನ್ನು ಮತ್ತೆ ತೊಡಿಸಲು ಬಂದಾಗ ಶಕುಂತಲೆ ಒಪ್ಪುವುದಿಲ್ಲ. ಅದರಲ್ಲಿ ತನಗೆ ನಂಬಿಕೆಯಿಲ್ಲ, ಅವನೇ ಇಟ್ಟುಕೊಳ್ಳಲಿ ಎನ್ನುತ್ತಾಳೆ. ಅನಂತರ ಮಾರೀಚರು ಶಾಪದ ವೃತ್ತಾಂತವನ್ನು ತಿಳಿಸುತ್ತಾರೆ. ದೊರೆ ನಿಟ್ಟುಸಿರು ಬಿಟ್ಟು, ತನ್ನ ಮೇಲಿನ ಅಪವಾದ ಕಳೆಯಿತೆನ್ನುತ್ತಾನೆ. ಶಕುಂತಲೆಗೆ ಮಾತ್ರ ಶಾಪದ ನೆನಪೇ ಇಲ್ಲ. ಬೀಳ್ಕೊಡುವಾಗ ಗೆಳತಿಯರು ಉಂಗುರವನ್ನು ತೋರಿಸೆಂದು ಏಕೆ ಅಷ್ಟು ಒತ್ತಿ ಹೇಳಿದರೆಂಬುದು ಅವಳಿಗೆ ಆಗ ತಿಳಿಯುತ್ತದೆ.