ಒಂದು ರೂಬಲ್ಲಿನ ಪ್ರಶಸ್ತಿ

ಸಾಹಿತ್ಯ ಪ್ರಶಸ್ತಿಯೆಂದೊಡನೆ ಫಲಕ, ಶಾಲು, ಗೌರವಧನ, ಕಿಕ್ಕಿರಿದ ಸಭೆ ಇವು ಕಣ್ಣಿಗೆ ಕಟ್ಟುತ್ತವೆ. 1978ರಲ್ಲಿ ಸೋವಿಯತ್ ಒಕ್ಕೂಟದ ಲೆನಿನ್‌ಗ್ರಾಡ್ ನಗರದಲ್ಲಿ ಹುಟ್ಟಿದ ಆಂದ್ರೇ ಬೇಲಿ ಪ್ರಶಸ್ತಿಯಲ್ಲಿ ಇವಾವುವೂ ಇರಲಿಲ್ಲ. ಪುರಸ್ಕೃತನಿಗೆ ಸಲ್ಲುತ್ತಿದ್ದುದು ಒಂದು ರೂಬಲ್ ಹಣ, ಒಂದು ಸೇಬು, ಒಂದು ಸೀಸೆ ವೋಡ್ಕಾ.

ಆ ದಿನಗಳಲ್ಲಿ ಅಲ್ಲಿಯ ಮುದ್ರಣಾಲಯಗಳೆಲ್ಲ ಸರ್ಕಾರದ ಅಧೀನದಲ್ಲಿದ್ದವು. ಪರಿಶೀಲಕರ ಅನುಮತಿಯಿಲ್ಲದೆ ಒಂದು ಪದ್ಯವೂ ಅಚ್ಚಾಗುವಂತಿರಲಿಲ್ಲ. ಲೇಖಕರ ಸಂಘಕ್ಕೆ ಸೇರದವನು ಬರೆದೇ ಬದುಕುತ್ತೇನೆಂದರೆ ಅದು ಅಪರಾಧವೆನಿಸಬಹುದಾಗಿತ್ತು. 1964ರಲ್ಲಿ ಇದೇ ನಗರದ ನ್ಯಾಯಾಲಯವು ಕವಿ ಜೋಸೆಫ್ ಬ್ರಾಡ್‌ಸ್ಕಿಯನ್ನು ದುಡಿಯದೆ ಉಣ್ಣುವವನೆಂದು ತೀರ್ಮಾನಿಸಿ, ಐದು ವರ್ಷಗಳ ಗಡೀಪಾರು ವಿಧಿಸಿತು. 1987ರಲ್ಲಿ ಅದೇ ಕವಿಗೆ ನೊಬೆಲ್ ಪಾರಿತೋಷಕ ದೊರೆಯಿತು! ಇಂತಹ ವಿಚಾರಣೆಗೆ ಅಂಜಿ ಅನೇಕ ಬರಹಗಾರರು ಕಾವಲುಗಾರರಾಗಿಯೋ ಬಾಯ್ಲರುಗಳಿಗೆ ಬೆಂಕಿಯೊಟ್ಟುವವರಾಗಿಯೋ ದುಡಿಯುತ್ತ, ಬಿಡುವಿನಲ್ಲಿ ಬರೆಯುತ್ತಿದ್ದರು.

ಬರೆದುದು ಓದುಗರನ್ನು ಮುಟ್ಟುವ ಬಗೆ ಹೇಗೆ? ತೆಳುಹಾಳೆಗಳ ನಡುವೆ ಕಾರ್ಬನ್ ಕಾಗದವಿಟ್ಟು ಬೆರಳಚ್ಚು ಯಂತ್ರದಲ್ಲಿ ಬಡಿದರೆ ಒಮ್ಮೆಗೆ ಕೆಲವು ಪ್ರತಿಗಳಾಗುತ್ತಿದ್ದವು. ಕಡೆಯ ಪ್ರತಿಯ ಅಕ್ಷರಗಳು ಮಸುಕುಮಸುಕು. ಅವು ಗುಟ್ಟಾಗಿ ಕೈಯಿಂದ ಕೈಗೆ ಸಾಗುತ್ತಿದ್ದವು. ಈ ಸ್ವಯಂಪ್ರಕಟಣೆಗೆ ರಷ್ಯನ್ನರು ‘ಸಮಿಜ್ದಾತ್’ ಎಂದು ಹೆಸರಿಟ್ಟರು. 1976ರಲ್ಲಿ ಲೆನಿನ್‌ಗ್ರಾಡಿನಲ್ಲಿ ಹೀಗೆಯೇ ಹುಟ್ಟಿದ ಪತ್ರಿಕೆ ‘ಚಸಿ’, ಎಂದರೆ ‘ಗಡಿಯಾರ’. ಪ್ರಶಸ್ತಿಯನ್ನು ಸ್ಥಾಪಿಸಿದವರು ಬೋರಿಸ್ ಇವಾನೋವ್, ಬೋರಿಸ್ ಒಸ್ತಾನಿನ್ ಮೊದಲಾದ ಈ ಪತ್ರಿಕೆಯ ಬಳಗದವರು.

ಆಂದ್ರೇ ಬೇಲಿ (1880–1934) ಎಂಬುದು ಬೋರಿಸ್ ಬುಗಾಯೆವ್‌ನ ಕಾವ್ಯನಾಮ, ಬೇಲಿಯೆಂದರೆ ಬಿಳುಪು. ‘ಪೀಟರ್ಸ್‌ಬರ್ಗ್’ ಎಂಬ ಕಾದಂಬರಿಯಲ್ಲಿ ಇದೇ ನಗರವನ್ನು ಚಿತ್ರಿಸಿ, ರಷ್ಯನ್ ಗದ್ಯಕ್ಕೆ ಹೊಸ ಲಯವನ್ನು ತಂದವನು ಅವನು. ಹೊಸತನಕ್ಕೆ ಮೀಸಲಾದ ಪ್ರಶಸ್ತಿಗೆ ಈ ಹೆಸರು ಒಪ್ಪುವಂತಹದೇ ಸರಿ.

ಮೊದಲ ವರ್ಷ ಕಾವ್ಯಕ್ಕಾಗಿ ವಿಕ್ತೋರ್ ಕ್ರಿವುಲಿನ್, ಗದ್ಯಕ್ಕಾಗಿ ಅರ್ಕಾದಿ ದ್ರಾಗೊಮೊಶ್ಚೆಂಕೊ, ವಿಮರ್ಶೆಗಾಗಿ ಬೋರಿಸ್ ಗ್ರೋಯ್ಸ್ ಪುರಸ್ಕೃತರಾದರು. 1979ರಲ್ಲಿ ಕವಯಿತ್ರಿ ಎಲೆನಾ ಶ್ವಾರ್ಟ್ಸ್, 1981ರಲ್ಲಿ ದೇಶವನ್ನು ತೊರೆದಿದ್ದ ಕಾದಂಬರಿಕಾರ ಸಾಶಾ ಸೊಕೊಲೋವ್, 1987ರಲ್ಲಿ ಚುವಾಷ್ ಜನಾಂಗದ ಕವಿ ಗೆನ್ನಾದಿ ಐಗಿ ಇದನ್ನು ಪಡೆದರು. ಒಂದು ರೂಬಲ್ಲಿನಿಂದ ಯಾರ ಬಡತನವೂ ನೀಗಲಿಲ್ಲ. ಸರ್ಕಾರದ ದೊಡ್ಡ ಬಹುಮಾನಗಳನ್ನು ಕುರಿತ ಅಣಕವೂ ಅದರಲ್ಲಿ ಅಡಗಿದ್ದಿರಬೇಕು. ಆದರೆ ಸ್ವಂತ ನಾಡಿನಲ್ಲಿ ಒಂದು ಪುಸ್ತಕವನ್ನೂ ಅಚ್ಚಿನಲ್ಲಿ ಕಾಣದ ಕವಿಗೆ, ತನ್ನ ಮಾತನ್ನು ಬಲ್ಲವರು ಓದಿ ತೂಗಿದ್ದಾರೆಂಬ ಸಾಕ್ಷ್ಯ ಅದರಿಂದ ದೊರೆಯಿತು.

1991ರಲ್ಲಿ ಸೋವಿಯತ್ ಒಕ್ಕೂಟ ಮುರಿದುಬಿದ್ದು, ನಗರಕ್ಕೆ ಪೀಟರ್ಸ್‌ಬರ್ಗ್ ಎಂಬ ಹಳೆಯ ಹೆಸರು ಮರಳಿತು. ಗಡಿಯಾರ ಪತ್ರಿಕೆ ಅದಕ್ಕೆ ಮೊದಲೇ, 1990ರಲ್ಲಿ, ನಿಂತಿತ್ತು. 1992ರಿಂದ ರಷ್ಯನ್ ಬೂಕರ್‌ನಂತಹ ಹಣವುಳ್ಳ ಪ್ರಶಸ್ತಿಗಳು ಬಂದವು. ಆ ಬೂಕರ್ 2017ರ ತರುವಾಯ ನಿಂತುಹೋಯಿತು. ನಡುವೆ ಸೊರಗಿದ್ದ ಬೇಲಿ ಪ್ರಶಸ್ತಿಯು 1997ರಲ್ಲಿ ಮರುಹುಟ್ಟು ಪಡೆಯಿತು. ಅಚ್ಚಿಗೆ ಅಡ್ಡಿಯಿಲ್ಲದ ಆ ಹೊಸ ಕಾಲದಲ್ಲಿಯೂ ಅದರೊಡನೆ ಬಂದುದು ಹಿಂದಿನ ಆ ಒಂದು ರೂಬಲ್, ಸೇಬು ಮತ್ತು ಸೀಸೆಯೇ.