ಚಿತ್ರವೂ ಚಟಾಕಿಯೂ

ನಗೆಯನ್ನುಂಟುಮಾಡುವ ಚಿತ್ರ ನಮ್ಮ ನಾಡಿಗೆ ಹೊಸತೇನಲ್ಲ. 6ನೆಯ ಶತಮಾನದಲ್ಲಿ ಚಾಲುಕ್ಯರು ಕೊರೆಯಿಸಿದ ಬಾದಾಮಿಯ ಮೊದಲನೆಯ ಗುಹಾಲಯಕ್ಕೆ ಹೋದವರು ಹದಿನೆಂಟು ತೋಳುಗಳ ನಟರಾಜನನ್ನು ಕಂಡು ಬೆರಗಾಗುತ್ತಾರೆ. ಅಲ್ಲಿಯೇ ಜಗಲಿಯ ಕೆಳಗೆ ಸಾಲುಗಟ್ಟಿದ ಕುಬ್ಜ ಗಣಗಳತ್ತ ದೃಷ್ಟಿ ಹರಿದರೆ ಆ ಬೆರಗು ನಗೆಯಾಗಿ ತಿರುಗುತ್ತದೆ. ಗಿಡ್ಡ ಕಾಲು, ಡೊಳ್ಳು ಹೊಟ್ಟೆ, ಚಿತ್ರವಿಚಿತ್ರ ಭಂಗಿಗಳು. ಕೆಲವರಿಗಂತೂ ದನದ ಮುಖ, ಕುದುರೆಯ ಮುಖ! ದೇವರ ಸನ್ನಿಧಿಯಲ್ಲಿಯೂ ವಿನೋದಕ್ಕೆ ಒಂದಿಷ್ಟು ಎಡೆಯಿರಲೆಂದು ಆ ಶಿಲ್ಪಿಗೆ ತೋರಿರಬೇಕು.

ಅದೇ ಗುಹೆಯ ಮುಂಭಾಗದಲ್ಲಿ, ದ್ವಾರಪಾಲಕನ ಕೆಳಗೆ, ಇನ್ನೊಂದು ವಿನೋದವಿದೆ. ಎರಡು ಪ್ರಾಣಿಗಳ ಶರೀರಗಳಿಗೆ ಅಲ್ಲಿ ಒಂದೇ ತಲೆ. ಒಂದು ಕಡೆಯಿಂದ ನೋಡಿದರೆ ಆನೆ. ಮತ್ತೊಂದು ಕಡೆಯಿಂದ ನೋಡಿದರೆ ಗೂಳಿ. ಇಬ್ಬರು ಗೆಳೆಯರು ಅದರ ಮುಂದೆ ನಿಂತರೆಂದು ಭಾವಿಸೋಣ.

"ಎಂಥ ಆನೆ ನೋಡೋ!"

"ಆನೆಯೆಲ್ಲಿ ಬಂತೋ? ಕಣ್ಣು ತಿಕ್ಕಿಕೊಂಡು ನೋಡು. ಅದು ಗೂಳಿ."

"ಹಾಗಾದರೆ ನನ್ನ ಆನೆಗೆ ನಾನು ಕಬ್ಬು ತರುತ್ತೇನೆ, ನಿನ್ನ ಗೂಳಿಗೆ ನೀನು ಹುಲ್ಲು ತಾ."

"ಬಾಯಿ ಇರುವುದು ಒಂದೇ ಅಲ್ಲವೇನೋ! ಕಬ್ಬನ್ನೇ ತಂದುಬಿಡು, ಸಾಕು."

ಇಲ್ಲಿ ಗೆದ್ದವರಾರು, ಸೋತವರಾರು? ಇಬ್ಬರೂ ನಕ್ಕರು, ಇಬ್ಬರೂ ಶಿಲ್ಪವನ್ನು ಮೊದಲಿಗಿಂತ ಚೆನ್ನಾಗಿ ನೋಡಿದರು. ಒಬ್ಬನೇ ನಿಂತು ನೋಡಿದ್ದರೆ ಒಂದು ಪ್ರಾಣಿಯಷ್ಟೇ ಕಂಡು ಮುಂದೆ ಸಾಗಿಬಿಡುತ್ತಿದ್ದನೋ ಏನೋ!

ಇಂತಹ ಚಮತ್ಕಾರ ಬೇರೆ ದೇಶಗಳಲ್ಲಿಯೂ ಉಂಟು. ಜರ್ಮನಿಯ ಮ್ಯೂನಿಕ್ ನಗರದ ಹಾಸ್ಯಪತ್ರಿಕೆಯೊಂದು 1892ರಲ್ಲಿ ಒಂದು ಚಿತ್ರವನ್ನು ಅಚ್ಚು ಹಾಕಿತು. ಅದು ಬಾತುಕೋಳಿಯೂ ಹೌದು, ಮೊಲವೂ ಹೌದು. ಬಾತಿನ ಕೊಕ್ಕೇ ಮೊಲದ ಕಿವಿ. ನಗಿಸಲೆಂದು ಬರೆದ ಆ ಚಿತ್ರವನ್ನು 1899ರಲ್ಲಿ ಮನಶ್ಶಾಸ್ತ್ರಜ್ಞ ಜೋಸೆಫ್ ಜಾಸ್ಟ್ರೋ ತಮ್ಮ ವಾದಕ್ಕೆ ಬಳಸಿಕೊಂಡರು. ನಾವು ಕಣ್ಣಿನಿಂದ ಮಾತ್ರವಲ್ಲ, ಮನಸ್ಸಿನಿಂದಲೂ ನೋಡುತ್ತೇವೆ ಎಂಬುದಕ್ಕೆ ಅದು ಒಳ್ಳೆಯ ನಿದರ್ಶನವಾಯಿತು.

ಕನ್ನಡದಲ್ಲಿ ನಗೆಯನ್ನು ಮನೆಮನೆಗೆ ಹಂಚಿದ ಕೀರ್ತಿ 'ಕೊರವಂಜಿ' ಮಾಸಪತ್ರಿಕೆಗೆ ಸಲ್ಲಬೇಕು. ವೈದ್ಯರಾಗಿದ್ದ ರಾ.ಶಿ.ಯವರು ಅದನ್ನು 1942ರಲ್ಲಿ ಆರಂಭಿಸಿ 1967ರವರೆಗೆ ನಡೆಸಿದರು. ಮೈಸೂರಿನಲ್ಲಿ ಹುಟ್ಟಿದ ಆರ್.ಕೆ. ಲಕ್ಷ್ಮಣ್ ಅದಕ್ಕೆ ಚಿತ್ರಗಳನ್ನು ಬರೆದುಕೊಟ್ಟಿದ್ದರು. ಮುಂದೆ ಅವರು ಸೃಷ್ಟಿಸಿದ, ಚೌಕಳಿ ಕೋಟಿನ 'ಶ್ರೀಸಾಮಾನ್ಯ' ಬಾಯಿ ಬಿಡದೆಯೇ ದೇಶವನ್ನೆಲ್ಲ ನಗಿಸಿದನು.

ಆದರೆ ಚಟಾಕಿಗೂ ಒಂದು ಮೇರೆಯುಂಟು. ಆ ಗೆಳೆಯರಲ್ಲಿ ಒಬ್ಬನು, "ನಿನ್ನ ಮೈಯೇ ಹಾಗಿದೆ, ಅದಕ್ಕೇ ನಿನಗೆ ಆನೆ ಕಂಡಿತು" ಎಂದಿದ್ದರೆ? ನಗೆ ಒಬ್ಬನದಾಗುತ್ತಿತ್ತು, ತಲೆ ಮತ್ತೊಬ್ಬನದು ತಗ್ಗುತ್ತಿತ್ತು. ಹಾಸ್ಯವು ಅಪಹಾಸ್ಯವಾಗಲು ಒಂದು ಮಾತು ಸಾಕು. ಈಗಂತೂ ಯಾರೋ ಎಡವಿ ಬಿದ್ದ ಚಿತ್ರ ಮೊಬೈಲಿನ ಮೂಲಕ ಕ್ಷಣಾರ್ಧದಲ್ಲಿ ನೂರಾರು ಕೈಗಳನ್ನು ಸೇರುತ್ತದೆ. ಒಬ್ಬೊಬ್ಬರೂ ಒಂದೊಂದು ಮಾತು ಸೇರಿಸುತ್ತಾರೆ. ಬಾದಾಮಿಯ ಗಣಗಳಿಗೆ ನಮ್ಮ ನಗೆಯಿಂದ ನೋವಿಲ್ಲ. ಚಿತ್ರದಲ್ಲಿರುವ ಮನುಷ್ಯನಿಗೆ ಉಂಟು. ಆತನು ನಮ್ಮ ನಡುವೆಯೇ ನಿಂತಿದ್ದರೆ ನಮ್ಮೊಡನೆ ನಗುತ್ತಿದ್ದನೇ? ಮಾತನಾಡುವ ಮೊದಲು ಇಷ್ಟನ್ನು ಕೇಳಿಕೊಂಡರೆ ವಿನೋದ ಕೆಡುವುದಿಲ್ಲ.

ಬಾದಾಮಿಯ ಆನೆಯೂ ಗೂಳಿಯೂ ಸಾವಿರದ ನಾಲ್ಕುನೂರು ವರ್ಷಗಳಿಂದ ಒಂದೇ ತಲೆಯನ್ನು ಹಂಚಿಕೊಂಡು ಜಗಳವಿಲ್ಲದೆ ನಿಂತಿವೆ. ನಾವು ಒಂದು ನಗೆಯನ್ನಾದರೂ ಹಾಗೆ ಹಂಚಿಕೊಳ್ಳಬಾರದೇ?